ಹಲ್ಕಾ ದರ್ಜೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಎರಡನೇ ಭಾಗದ ಪಟ್ಟಿ ಮುಗಿಯಿತು. ಗೂಳಿ ಮೊದಲು, ಜಡೆಸಾಧು ಎರಡನೆಯವನು, ಉಳಿದವರೆಲ್ಲ ಗುಂಪಿನಲ್ಲಿ ಗೋವಿಂದ. ಇನ್ನು ನಾಲ್ಕು ಭಾಗ ಬಾಕಿ. ‘ಗ್ರಾನೈಟ್ ಫಿಸ್ಟ್’ ಆಟದಲ್ಲಿ ಯಾವ ಭಾಗಕ್ಕೆ ಯಾವ ಫೈಟರ್ ಬಲಶಾಲಿ, ಕಂಪನಿ ಯಾರಿಗೆ ಬಲ ಕೂಡಿಸಿತು, ಯಾರದು ಕಳೆಯಿತು — ಎಲ್ಲ ಕನ್ನಡದಲ್ಲಿ ವಿಡಿಯೊ ಮಾಡಬೇಕು. ಇಡೀ ಶಹಾಪುರದಲ್ಲಿ ಇದನ್ನು ನನ್ನಷ್ಟು ತಿಳಿದವನಿಲ್ಲ. ನೋಡುವವರೂ ಇಲ್ಲ, ಆ ಮಾತು ಬೇರೆ.

ಹೆಸರೆಲ್ಲ ಕಾಲೇಜಿನ ದಿನಗಳಲ್ಲಿ ನಾವು ಗೆಳೆಯರು ಇಟ್ಟವೇ. ಪರದೆ ಮೇಲಿನ ಜಪಾನಿ ಹೆಸರು ಆಗ ಯಾರ ಬಾಯಿಗೂ ಹತ್ತುತ್ತಿರಲಿಲ್ಲ.

ನಂದಿನಿ ಚಹಾ ಇಟ್ಟು ಹೋದಳು. “ಗೊಂಬಿಗೋಳಿಗಿ ನಂಬರ ಕೊಡೂದ ಮುಗದಿದ್ರ ಅಂಗಡಿ ತಗೀರಿ. ಮೊಬೈಲ್ ರಿಪೇರಿಗಿ ಮಂದಿ ಬಂದು ನಿಂತಾರ.”

ಹೆಂಡತಿ ಹೇಳಿದ ಮೇಲೆ ಮುಗಿಯಿತು.

ಮಾರ್ಚ್ 6. ಮಧ್ಯಾಹ್ನ

ಮೂರನೇ ಭಾಗ. ಏನೋ ತಪ್ಪಾಗಿದೆ.

ಕಂದೀಲಮ್ಮನನ್ನು ಕಣ್ಣುಮುಚ್ಚಿ ಕೊನೆಗೆ ಹಾಕುವವನಿದ್ದೆ. ಸಣಕಲು ಹೆಂಗಸು, ಕೈಯಲ್ಲೊಂದು ಕಂದೀಲು, ಹೊಡೆದರೆ ಎದುರಾಳಿಗೆ ತುರಿಸಿದಂತೆ. ಆದರೂ ಪರೀಕ್ಷೆ ಮಾಡಿದೆ. ನೂರು ಪಂದ್ಯ — ಎಪ್ಪತ್ತೊಂದು ಗೆದ್ದಳು! ಒಂದು ಹೆಜ್ಜೆ ಹಿಂದೆ ಸರಿದು ಕಾಲಿಗೆ ಹೊಡೆದರೆ ಎದುರಿನವನಿಗೆ ತಿರುಗಿ ಹೊಡೆಯಲು ಟೈಮೇ ಸಿಗುವುದಿಲ್ಲ. ಗೂಳಿಗೂ ಇಲ್ಲ.

ಮೂರನೇ ಭಾಗದಲ್ಲಿ ಎಲ್ಲರಿಗಿಂತ ಮೇಲೆ ಕಂದೀಲಮ್ಮ. ಹದಿನೈದು ವರ್ಷ ತಪ್ಪು ಹೇಳುತ್ತ ಬಂದಿದ್ದೇನೆ.

ಇದನ್ನು ಆಗಲೇ ಹೇಳಿದವಳು ಒಬ್ಬಳಿದ್ದಳು. ಅರ್ಜುಮಂದ. ಸುರಪುರದ ರಂಗಂಪೇಟೆಯಲ್ಲಿ ವಿಡಿಯೊ ಗೇಮ್ ಅಂಗಡಿ ಇಟ್ಟಿದ್ದ ಬಾಷುಮಿಯಾ ಅವರ ಮಗಳು. ಆಗ ನಾವಿಬ್ಬರೂ ಅಲ್ಲಿಯ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ.

ಮಾರ್ಚ್ 7

ವಿಡಿಯೊ ಮಾಡಲಿಲ್ಲ. ಮನಸ್ಸಿಲ್ಲ.

ಆ ಅಂಗಡಿಯ ಬಾಗಿಲ ಪಕ್ಕ, ಬೀದಿಗೆ ಕಾಣುವಂತೆ ಒಂದು ಕಪ್ಪು ಹಲಗೆ ಇತ್ತು. ಬರೆಯುವವನು ನಾನು. ಮೂರು ದರ್ಜೆ — ಮೇಲೆ ವಜನದಾರ ಅಂದರೆ ಭಾರದವರು, ನಡುವೆ ಬರೋಬ್ಬರಿ ಅಂದರೆ ಸರಿಸಮ, ಕೊನೆಗೆ ಹಲ್ಕಾ. ಫೈಟರ್ ಹೆಸರು, ಪಕ್ಕದಲ್ಲಿ ಅವನನ್ನು ಆಡಿಸುವವರ ಹೆಸರು. ಬಾಷುಮಿಯಾ ಅವರ ದಖನಿ ಉರ್ದು ಮಾತಿನಲ್ಲಿ ಹಲ್ಕಾ ಎಂದರೆ ಹಗುರ, ಅಷ್ಟೇ. ಬೀದಿಯಲ್ಲಿ ಹೋಗುವ ನಮ್ಮವರಿಗೆ ಹಲ್ಕಾ ಎಂದರೆ ನಡತೆಗೆಟ್ಟ.

‘ಹಲ್ಕಾ — ಕಂದೀಲಮ್ಮ — ಅರ್ಜುಮಂದ’.

ನಾಲ್ಕು ದಿನ ಇತ್ತು ಹಲಗೆಯ ಮೇಲೆ. ಐದನೇ ದಿನ ಬಾಷುಮಿಯಾ ಒರೆಸಿದರು. ಹಲಗೆ ಒರೆಸಬಹುದು, ಜನರ ಬಾಯಿ? ಅವಳು ಅಂಗಡಿಗೆ ಬರುವುದು ನಿಂತಿತು. ಆಮೇಲೆ ಕಾಲೇಜಿಗೂ.

ಮಾರ್ಚ್ 16, ಭಾನುವಾರ

ಸುರಪುರದ ಹಣಮೇಶ ಮೊಬೈಲಿಗೆ ಸ್ಕ್ರೀನ್ ಹಾಕಿಸಲು ಬಂದಿದ್ದ. ಆಗ ಗೂಳಿಯನ್ನು ಆಡಿಸುತ್ತಿದ್ದವನು. ಕಂದೀಲಮ್ಮನ ಸಂಗತಿ ಹೇಳಿದೆ. ನಕ್ಕ.

“ಯಾಕಿ, ಹಲ್ಕಾ ಅರ್ಜುಮಂದ ಆಡಸ್ತಿದ್ಲಲ್ಲ, ಅದಾ? ಈಗ ಬಸ್ ಸ್ಟ್ಯಾಂಡ್ ಹಿಂದ ಹೊಲಿಗಿ ಕ್ಲಾಸ್ ನಡಸಾಕತ್ತಾಳ.”

“ಇನ್ನೂ ಹಂಗ ಅಂತಾರೇನಲೇ?”

“ಅಂದ್ರ... ಹೆಸರು ಬಿದ್ದದ. ಅಷ್ಟಕ್ಕೂ ಇಟ್ಟಾಂವ ನೀನಽ ಅಲ್ಲೇನು?”

ಸ್ಕ್ರೀನ್ ಒತ್ತುವಾಗ ಕೈ ಜಾರಿ ಒಡೆಯಿತು. ಹೊಸದು ಹಾಕಿಕೊಟ್ಟೆ.

ಮಾರ್ಚ್ 23, ಭಾನುವಾರ. ಸಂಜೆ

ಹೋಗಿ ಬಂದೆ.

ಆರು ಹೊಲಿಗೆ ಮಷಿನ್, ಗೋಡೆ ತುಂಬ ಕಾಗದದ ಕುಪ್ಪಸ. ಅರ್ಜುಮಂದ ಗುರುತು ಹಿಡಿದಳು. “ಬರ್ರಿ ಬಸವಕುಮಾರ, ಕುಂದರ್ರಿ.” ಆಗ ‘ಲೇ ಕುಮಾರ’ ಅನ್ನುತ್ತಿದ್ದವಳು ಈಗ ‘ರಿ’ ಹಚ್ಚಿದಳು. ರಂಜಾನ್ ತಿಂಗಳು, ಅವಳಿಗೆ ರೋಜಾ ಉಪವಾಸ. ನನಗೊಬ್ಬನಿಗೆ ಚಹಾ ತರಿಸಿದಳು. ಬೇಡ ಎಂದರೂ ಕೇಳಲಿಲ್ಲ.

“ಮೂರನೇ ಭಾಗದಾಗ ಕಂದೀಲಮ್ಮನಽ ಎಲ್ಲಾರ್ಕಿಂತ ಮ್ಯಾಲ,” ಅಂದೆ. “ಲೆಕ್ಕ ಹಾಕಿ ನೋಡೀನಿ.”

ಜೋರಾಗಿ ನಕ್ಕಳು. “ಇದನ್ನ ಹೇಳಾಕ ಶಹಾಪುರದಿಂದ ಬಂದ್ರೇನು? ನಾ ಅವತ್ತಽ ಹೇಳಿದ್ನಲ್ಲ! ನೀವು ಹೊಡತದ ಜೋರು ನೋಡ್ತಿದ್ರಿ, ನಾ ಕಾಲು ನೋಡ್ತಿದ್ದೆ.”

ಆಮೇಲೆ ಕತ್ತರಿ ಕೆಳಗಿಟ್ಟಳು.

“ಅಬ್ಬಾ ತೀರಿಹೋಗಿ ಮೂರು ವರ್ಷ ಆತು. ಅವರು ನಿಮ್ಮನ್ನ ಯಾರ ಮುಂದೂ ಬಿಟ್ಟುಕೊಡಲಿಲ್ರಿ. ‘ಕುಮಾರ ಹಂಥಾ ಹುಡುಗ ಅಲ್ಲ, ನಮ್ಮ ಮಾತಿನ ಹಲ್ಕಾ ಬರದಾನ, ಮಂದಿಗಿ ತಿಳೀಲಿಲ್ಲ’ — ಬಸ್ ಸ್ಟ್ಯಾಂಡಿನ್ಯಾಗ ನನ್ನ ಹಲ್ಕಾ ಅಂತ ಕರದಾಗ, ಹೆಣ್ಣ ನೋಡಾಕ ಬಂದವ್ರು ಎದ್ದು ಹೋದಾಗ, ಎಲ್ಲಾರಿಗೂ ಇದಽ ಮಾತು. ನಮ್ಮ ಅಣ್ಣ ನಿಮ್ಮನ್ನ ಹೊಡೀತೀನಂತ ಎದ್ದಾಗೂ ಅವರಽ ಅಡ್ಡ ನಿಂತ್ರು.”

ಚಹಾದ ಕಪ್ಪು ಕೆಳಗಿಟ್ಟೆ.

“ಅಬ್ಬಾ ಹೇಳಿದಂಗಽ ಬರದಿದ್ರಿ, ಹೌದಲ್ರಿ?”

ಹದಿನೈದು ವರ್ಷದ ಮೇಲೆ ಕೇಳಿದಳು. ಮುಖ ನೋಡಿಯೇ ಕೇಳಿದಳು.

“ಹೌದು,” ಅಂದೆ.

“ಅಷ್ಟ ಸಾಕ್ರಿ,” ಅಂದಳು. ಮುಖ ಹಗುರಾಯಿತು. ನಂಬರ್ ಕೊಟ್ಟಳು. ನಂದಿನಿಯನ್ನು ಕರೆದುಕೊಂಡು ಈದ್‌ಗೆ ಬರಬೇಕಂತೆ.

ಮಾರ್ಚ್ 24

ಅಂಗಡಿ ತೆಗೆಯಲಿಲ್ಲ.

ಮಾರ್ಚ್ 29, ಶನಿವಾರ. ಬೆಳಿಗ್ಗೆ 10

ನಂದಿನಿ ಈದ್‌ಗೆ ಸೀರೆ ತೆಗೆದಿಟ್ಟಿದ್ದಾಳೆ. “ಅಷ್ಟು ಪ್ರೀತಿಲೆ ಕರದಾರ, ನೀವ್ಯಾಕ ಹಿಂಗ ಮಾರಿ ಮಾಡೀರಿ?” ಏನು ಹೇಳಲಿ.

ಇಲ್ಲಿಯಾದರೂ ಬರೆಯುತ್ತೇನೆ. ಮೊದಲು ಹಲಗೆಯಲ್ಲಿ ‘ಹಲ್ಕಾ’ ಇರಲಿಲ್ಲ. ಕೊನೆಯ ದರ್ಜೆಗೆ ‘ಕಡೀ’ ಎಂದು ಬರೆಯುತ್ತಿದ್ದೆ. ಆ ದಿನ ಅರ್ಜುಮಂದ ನನ್ನನ್ನು ಸಾಲಾಗಿ ಏಳು ಸಲ ಸೋಲಿಸಿದಳು. ಎಲ್ಲರೂ ಸೀಟಿ ಹೊಡೆದರು. ಹಣಮೇಶ ‘ಬಳಿ ತೊಡಸ್ರಲೇ ಇವಗ’ ಅಂದ. ಅವರೆಲ್ಲ ಹೋಗುವವರೆಗೆ ಕಾದೆ. ಬಾಷುಮಿಯಾ ಅವರ ಹತ್ತಿರ ಹೋಗಿ ಕೇಳಿದೆ — “ಚಾಚಾ, ಹಗುರಕ್ಕ ನಿಮ್ಮ ಮಾತಿನ್ಯಾಗ ಏನಂತಾರ?” ಪಾಪ, ಮಗಳ ಹೆಸರಿನ ಮುಂದೆ ಬರೆಯಲು ಎಂದು ಅವರಿಗೇನು ಗೊತ್ತು. ಹೇಳಿದರು. ಆ ಮಾತಿನ ಎರಡೂ ಅರ್ಥ ನನಗೆ ಮೊದಲೇ ಗೊತ್ತಿತ್ತು. ನಾಳೆ ಯಾರಾದರೂ ಕೇಳಿದರೆ ಅವರೇ ಸಾಕ್ಷಿ ಇರಲಿ ಎಂದು ಕೇಳಿದ್ದು. ಇದ್ದರು, ಸಾಯುವವರೆಗೂ.

ಹಲ್ಕಾ ನಾನು.

ಸೋಮವಾರ ಈದ್. ಅವಳ ಮನೆಯ ಸುರಕುಂಬಾ ಪಾಯಸ ಈ ಬಾಯಿಂದ ಉಣ್ಣಲಾರೆ. ಹೇಳಿಬಿಡಬೇಕು. ಹೇಳಿದರೆ ಅವಳ ಅಬ್ಬಾ ಸುಳ್ಳಾಗುತ್ತಾರೆ. ಅವಳ ಹತ್ತಿರ ಉಳಿದಿರುವುದು ಆ ಮಾತೊಂದೇ. ಹೇಳದಿದ್ದರೆ...

10.40. ಫೋನ್ ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ, “ಲೇ ಕುಮಾರ,” ಅಂದಳು, ‘ರಿ’ ಇಲ್ಲದೆ, “ಸೋಮವಾರ ಲಗೂನ ಬಾರಪಾ, ನಮ್ಮಣ್ಣಗೂ ಹೇಳೀನಿ, ಅಂವಾ ನಿನಗ —” ನಡುವೆಯೇ ತಡೆದು, “ಅರ್ಜುಮಂದ, ಹಲಗಿ ಮ್ಯಾಲ ನಾ ಬರದದ್ದು ನಿಮ್ಮ ಮಾತಿನ ಹಲ್ಕಾ ಅಲ್ಲ,” ಅಂದೆ.