ರಾಯಚೂರಿನ ಮೊದಲ ಪಾಳಿಗಿತ್ತಿಗೆ

ರಾಯಚೂರು, ಫೆಬ್ರವರಿ ಮೂವತ್ತು, ೨೨೩೧

ತಾಯಿ ಹುಸೇನಮ್ಮ,

ತಾರೀಖು ನೋಡಿ ನಗಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಅದರ ಮುನಿಸು ತೀರಿಸಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನೀನು ನನಗಿಂತ ಇನ್ನೂರು ವರ್ಷ ಹಿಂದಿನವಳು, ನಮ್ಮೂರ ದವಾಖಾನೆಯ ಡಯಾಲಿಸಿಸ್ ಕೋಣೆಯ ಆಯಾ. ಮುಂದಿನ ತಿಂಗಳು ನೀನು ಮಾಡಲಿರುವ ಒಂದು ಕೆಲಸವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ನಿನಗೇ ಅದಿನ್ನೂ ಗೊತ್ತಿಲ್ಲ!

ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ತಮ್ಮ ಅಣ್ಣನನ್ನು ಕರೆತರುತ್ತಾರೆ. ಖಾಲಿ ಇರುವುದು ಒಂದೇ ಯಂತ್ರ. ಪಾಳಿಯಲ್ಲಿ ಮುಂದಿರುವ ಬಳೆಗಾರ್ತಿ ಮೈ ಊದಿಕೊಂಡು ತೇಕುತ್ತಿದ್ದರೂ ಅವಳನ್ನು ಹಿಂದೆ ಸರಿಸು ಎಂದು ಒದರಾಡುತ್ತಾರೆ. ಕೆಲಸ ಹೋದೀತೆಂದು ನಿನಗೆ ಗೊತ್ತು. ಆದರೂ ಅವರ ಕೈ ಹಿಡಿದು ಬಳೆಗಾರ್ತಿಯ ಗಾಲಿಕುರ್ಚಿಯ ಮೇಲೆ ಇಡುತ್ತೀ. "ಪಾಳಿ ಅಂದ್ರ ಪಾಳಿ, ಸಾವ್ಕಾರ್ರ. ನಿಮ್ಮ ಅಣ್ಣಂದು ಲಗೂನ ಬರಬೇಕಂದ್ರ ಮೊದ್ಲ ಈಯಮ್ಮನ್ನ ಒಳಗ ಮುಟ್ಟಿಸ್ರಿ. ಹೂಂ, ತಳ್ಳ್ರಿ!" ಅವರು ತಳ್ಳುತ್ತಾರೆ. ಭಲೇ, ನನ್ನವ್ವ!

ಈಗ ಪ್ರತಿ ದವಾಖಾನೆಯಲ್ಲೂ ಒಬ್ಬ ಪಾಳಿಗಿತ್ತಿ, ಅಂದರೆ ಸರದಿ ಕಾಯುವವಳು, ಇರುತ್ತಾಳೆ. ಯಾರ ಜಡ್ಡು ಹೆಚ್ಚೋ ಅವರು ಮುಂದೆ. ಉಳ್ಳವರೂ ಇಲ್ಲದವರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ ಒಗ್ಗರಣೆ ತಿನ್ನುತ್ತೇವೆ, ಒಬ್ಬರ ಸೊಸೆಯನ್ನು ಇನ್ನೊಬ್ಬರು ಬೈಯುತ್ತೇವೆ. ಹೆಸರು ಕೂಗಿದವರ ಗಾಡಿಯನ್ನು ಅವರ ನಂತರದ ಪಾಳಿಯವರ ಮನೆಯವರು ಬಾಗಿಲವರೆಗೆ ತಳ್ಳಬೇಕು. ಇದು ನಿನ್ನಿಂದ ಬಂದ ಪದ್ಧತಿ.

ಕೃಷ್ಣೆಯಿಂದ ತುಂಗಭದ್ರೆಯವರೆಗಿನ ಸೌರಫಲಕಗಳೆಲ್ಲ ನನ್ನವು. ಸೊಕ್ಕಿಗೂ ಕಡಿಮೆಯಿಲ್ಲ. ನನ್ನ ಮಗಳು ಅಂಬವ್ವನಿಗೆ 'ಸಸಿ' ಬೇಕು. ಗಾಜಿನ ಬಟ್ಟಲಲ್ಲಿ ಬೆಳೆಸಿದ ಕಿಡ್ನಿಗೆ ನಾವು ಹಾಗೆನ್ನುತ್ತೇವೆ. ಇವತ್ತು ಸಿದ್ಧವಾದದ್ದು ಒಂದೇ ಸಸಿ. ಕೂಗಿದ್ದು ಚರಂಡಿ ಯಂತ್ರ ನಡೆಸುವ ದುರುಗಪ್ಪನ ಹೆಸರು. ಅವನ ಸ್ಥಿತಿ ನನ್ನ ಮಗಳಿಗಿಂತ ಕೆಟ್ಟದು, ನಿಜ. ಆದರೂ ಜಗಳಕ್ಕೆ ಬಾಯಿ ತೆರೆದೆ. "ಯವ್ವಾ, ಸುಮ್ನ ತಳ್ಳು" ಎಂದಳು ಅಂಬವ್ವ. ತಳ್ಳಿದೆ. ಬಾಗಿಲಲ್ಲಿ ಆತ ತಿರುಗಿ, "ನಿಮ್ಮ ಮಗಳಿಗೂ ಲಗೂನ ಸಿಗ್ಲಿ ಯವ್ವಾ" ಎಂದ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ?

ಮುಂದಿನ ಸಸಿಗೆ ಇನ್ನೂ ಇಪ್ಪತ್ತು ದಿನ. ಅಂಬವ್ವನಿಗೆ ಅಷ್ಟು ದಿನ ಇದೆಯೋ ಇಲ್ಲವೋ, ವೈದ್ಯರು ಬಾಯಿ ಬಿಡುತ್ತಿಲ್ಲ. ನೀನು ಆ ದಿನ ಸಾಹುಕಾರರಿಗೆ ಸೋತುಬಿಟ್ಟರೆ ಈ ಪದ್ಧತಿಯೇ ಇರುವುದಿಲ್ಲ, ಇವತ್ತು ಒಳಗೆ ಮಲಗಿರುವವಳು ನನ್ನ ಮಗಳು. ಅದು ಗೊತ್ತಿದ್ದೇ ಕೈಮುಗಿದು ಬೇಡುತ್ತೇನೆ: ಸೋಲಬೇಡ, ತಾಯಿ.

ನೀಲಗಂಗಮ್ಮ
ಅಂಬವ್ವನ ಹಡೆದವ್ವ