ಅಂಕಯ್ಯನ ಗಾಡಿಯ ಐಡ್ಲಿಂಗು

ಸೆಪ್ಟೆಂಬರ್ 3

ಪ್ಲಗ್ ಮೂರೂ ಬದಲಿಸಿದ್ದಾಯಿತು. ಅಂಕಯ್ಯನ ಮಾರುತಿ ಇನ್ನೂ ನಡುಗುತ್ತಿದೆ. ಓಡುವಾಗ ಸರಿ. ನಿಲ್ಲಿಸಿ ಕಾಲು ತೆಗೆದರೆ ಗಡಗಡ — ಐಡ್ಲಿಂಗ್‌ನಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ. ತೊಂಬತ್ತೇಳರ ಮಾಡೆಲ್, ಕಾರ್ಬರೇಟರ್ ಗಾಡಿ. ಮಳವಳ್ಳಿಯಲ್ಲಿ ಇಂಥದ್ದನ್ನು ಈಗಲೂ ಪ್ರೀತಿಯಿಂದ ಮುಟ್ಟುವವನು ನಾನೊಬ್ಬನೇ ಇರಬೇಕು.

ಎಲ್ಲೋ ಗಾಳಿ ಎಳೆಯುತ್ತಿದೆಯೇನೋ ಎಂದು ಪೈಪ್ ಹಿಡಿದು ಕೇಳಿದೆ. ತುಂಡು ಪೆಟ್ರೋಲ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ ಮೇಲಿನ ರಬ್ಬರ್ ಹೋಸ್‌ಗಳ ಪಕ್ಕ. ನನಗೆ ಕೆಲಸ ಕಲಿಸಿದ ಉಸ್ತಾದ್ ಹೇಳಿಕೊಟ್ಟ ಉಪಾಯ. ಹೋಸ್ ಸೀಳಿದ್ದರೆ ಸುಯ್ ಅನ್ನಬೇಕು. ಅನ್ನಲಿಲ್ಲ. ನೀರು ಚಿಮುಕಿಸಿಯೂ ಸೀಳು ಹುಡುಕಬಹುದಿತ್ತು... ಅದೆಲ್ಲ ಕಲಿಯುವವರಿಗೆ. ಗಾಳಿಯಲ್ಲ. ಕಾರ್ಬರೇಟರೇ.

ಸೆಪ್ಟೆಂಬರ್ 5

ಕಾರ್ಬರೇಟರ್ ಬಿಚ್ಚಿದೆ, ತೊಳೆದೆ, ಕೂರಿಸಿದೆ. ಐಡ್ಲಿಂಗ್ ಸ್ಕ್ರೂ ಸ್ವಲ್ಪ ಏರಿಸಿದೆ. ನಡುಕ ಅಡಗಿತು. ವಾಸಿಯಾಗಿಲ್ಲ, ಅಡಗಿದೆ ಅಷ್ಟೆ — ಅದು ನನಗೂ ಗೊತ್ತು. ಆದರೂ ಗಾಡಿ ಕೊಟ್ಟು ಕಳಿಸಿದೆ.

ಸೆಪ್ಟೆಂಬರ್ 9

ಅಂಕಯ್ಯ ಪೂರಿಗಾಲಿಯಿಂದ ಬೆಳಗ್ಗೆಯೇ ಬಂದ. ಕನ್ನಡ ಶಾಲೆಯಲ್ಲಿ ನನ್ನ ಬೆಂಚಿನವನು, ಬಾಯಿ ಆಗಿನಂತೆಯೇ ಇದೆ.

"ಲೇ ಪಾಷಾ, ಮದ್ದೂರು ರೈಲ್ವೆ ಗೇಟಲ್ಲಿ ಆಫ್ ಆಗೋಯ್ತು ಕಣ್ಲಾ. ಗೇಟು ತೆಗುದ್ರೂ ಸ್ಟಾರ್ಟ್ ಆಗ್ನಿಲ್ಲ. ಇಂದ್ಗಡೆ ಲಾರಿಯೋನು ನಮ್ಮಪ್ಪನ್ನೆಲ್ಲ ಗೆಪ್ತಿ ಮಾಡ್ಕೊಂಡು ಬೈದ."

"ಇನ್ನೊಂದ್ಸಲ ನೋಡ್ತೀನಿ ಬುಡು."

"ನೋಡು. ಆಗ್ನಿಲ್ಲ ಅಂದ್ರೆ ಏಳ್ಬುಡು, ಮಂಡ್ಯದಾಗೆ ಮಿಸಿನ್ ಇಟ್ಟು ನೋಡ್ತಾರಂತೆ, ಅಲ್ಲಿಗೆ ಓಯ್ತೀನಿ. ನಿನ್ ಕಿವಿ ನಂಬ್ಕೊಂಡೇ ನಾನು ಇಲ್ಲಿಗೆ ಬರೋದು."

ಅಂಕಯ್ಯ ಒಬ್ಬನೇ ಅಲ್ಲ. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಬರುವುದು ಈ ಕಿವಿ ನಂಬಿಕೊಂಡೇ. ಅಂಗಡಿಯಲ್ಲಿ ಬೇರೆ ಯಂತ್ರವಿಲ್ಲ. ಕಿವಿ ಹೋಯಿತು ಅಂದರೆ ಶಟರ್ ಎಳೆಯಬೇಕು.

ಸಂಜೆ ಕುಕ್ಕರ್ ಪಕ್ಕದಲ್ಲೇ ಕೂತಿದ್ದೆ. ಬೇಳೆ ಸೀದು ಹೋಯಿತು. ಹೆಂಡತಿ ಶಮೀಮ್ ಬಂದು ಒಲೆ ಆರಿಸಿದಳು. ನನ್ನ ಮುಖ ನೋಡಿದಳು, ಬೈಯಲಿಲ್ಲ. ನಾನು ಕಾರ್ಬರೇಟರ್ ಯೋಚನೆಯಲ್ಲಿದ್ದೆ.

ಸೆಪ್ಟೆಂಬರ್ 10

ಮತ್ತೆ ಬಿಚ್ಚಿದೆ. ಗ್ಯಾಸ್ಕೆಟ್ ಹೊಸದು ಹಾಕಿದೆ. ಅದೇ ನಡುಕ. ಪೈಪಿಟ್ಟು ಕೇಳಿದೆ. ಏನೂ ಇಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ನಮಾಜ್ ಮುಗಿಸಿ ಬಂದು ಎಂಜಿನ್ ಚಾಲೂ ಮಾಡಿದೆ. ಶಮೀಮ್ ಮನೆ ಕಡೆಯ ಬಾಗಿಲಿನಿಂದ ಟೀ ತಂದಳು. ಲೋಟ ಕೊಡುವ ಮೊದಲೇ ಕೇಳಿದಳು —

"ಅದೇನ್ರೀ, ಸುಯ್ ಅಂತಿದೆ?"

"ಎಲ್ಲಿ?"

"ಇಲ್ಲೇ. ಗಾಡಿ ಒಳಗೆ."

ನನಗೆ ಎಂಜಿನ್ ಗುಡುಗುಡು ಮಾತ್ರ ಕೇಳುತ್ತಿತ್ತು. ಪೈಪ್ ಅವಳ ಕೈಗೆ ಕೊಟ್ಟೆ. ಸೆರಗು ಸರಿಸಿ ಕಿವಿಗೆ ಇಟ್ಟುಕೊಂಡಳು. ಇನ್ನೊಂದು ತುದಿಯನ್ನು ನಾನು ಒಂದೊಂದು ಹೋಸ್ ಹತ್ತಿರ ಆಡಿಸಿದೆ. ಬ್ರೇಕಿಗೆ ಹೋಗುವ ದಪ್ಪ ಹೋಸ್, ಅದರ ಕ್ಲಿಪ್ಪಿನ ಕೆಳಗೆ ಬಂದಾಗ ಮುಖ ಸಿಂಡರಿಸಿ ಪೈಪ್ ಕಿತ್ತಳು. ಅಷ್ಟು ಜೋರಂತೆ.

ನಾನು ಇಟ್ಟುಕೊಂಡೆ. ಬಲಗಿವಿ, ಎಡಗಿವಿ. ಏನೂ ಇಲ್ಲ.

ಬೆರಳಿಟ್ಟು ಅಲ್ಲೇ ಒತ್ತಿದೆ. ನಡುಕ ನಿಂತಿತು. ತಳದಲ್ಲಿ ಉಗುರಿನಷ್ಟು ಸೀಳು. ಎಂಜಿನ್ ಅಷ್ಟು ನಯವಾಗಿ ಓಡಿದ್ದು ನೋಡಿ ಖುಷಿಯಾಗಬೇಕಿತ್ತು. ಹೆದರಿಕೆಯಾಯಿತು.

"ಯಾವಾಗಿಂದ ಗೊತ್ತು ನಿನಗೆ?" ಅಂದೆ.

"ರಂಜಾನ್‌ನಿಂದ. ನಿಮ್ಮ ಫೋನು ರಿಂಗಾದಾಗೆಲ್ಲ ಎತ್ತಿ ಕೈಗೆ ಕೊಡ್ತಿರೋದು ಯಾರು?"

"ಹೇಳೋಕೇನಾಗಿತ್ತು?"

"ಹೇಳಿದೆ. ನಿಮಗೆ ಕೇಳಿಸಲಿಲ್ಲ."

ಕೋಪ ಬಂತು. ಟೀ ಕುಡಿಯಲಿಲ್ಲ. ಈಗ ಬರೆಯುವಾಗ ಅವಳ ಮೇಲಿನ ಕೋಪವಲ್ಲ ಎಂದು ತಿಳಿಯುತ್ತಿದೆ. ಹತ್ತು ದಿನ ಗಟ್ಟಿಮುಟ್ಟಾದ ಕಾರ್ಬರೇಟರನ್ನು ಹಿಂಸೆ ಮಾಡಿದೆ. ಕೆಟ್ಟದ್ದು ಗಾಡಿ ಒಂದೇ ಎಂದುಕೊಂಡು.

ಸೆಪ್ಟೆಂಬರ್ 18

ಕಿವಿ ತೋರಿಸಲು ಮಂಡ್ಯಕ್ಕೆ ಹೋಗಿ ಬಂದೆವು. ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಡಾಕ್ಟರಮ್ಮ ಮುಖ ನೋಡುತ್ತಲೇ ಮಾತಾಡಿದರು: "ದಪ್ಪ ಸದ್ದು ಚೆನ್ನಾಗಿ ಕೇಳುತ್ತೆ. ಸೀಟಿಯಂಥ ಸಣ್ಣ ಸದ್ದು ಹೋಗಿದೆ, ಅದು ವಾಪಸ್ ಬರಲ್ಲ." ಕಿವಿಗೆ ಮಿಷನ್ ಹಾಕಿಕೊಳ್ಳಬಹುದಂತೆ. ಮಾತಿಗೆ ಅನುಕೂಲ. ಎಂಜಿನ್‌ಗೆ? ಕೇಳಿದೆ. ಅವರಿಗೆ ಗೊತ್ತಿಲ್ಲ.

ಬಲಗಿವಿ ಒಂದಿಷ್ಟು ವಾಸಿಯಂತೆ. ಬಸ್ಸಿನಲ್ಲಿ ಶಮೀಮ್ ಬಲಗಡೆ ಕೂತಳು. ನಾನು ಹೇಳದೆಯೇ.

ಸೆಪ್ಟೆಂಬರ್ 20

ಹೊಸ ಹೋಸ್ ಹಾಕಿದೆ. ಅಂಕಯ್ಯ ಬಂದ. ಚಾಲೂ ಮಾಡಿ, ಬ್ರೇಕ್ ತುಳಿದು, ಸುಮ್ಮನೆ ಕೂತ. ಗಾಡಿ ಅಲುಗಲಿಲ್ಲ. ಇಳಿದು ಬಂದು ಬೆನ್ನ ಮೇಲೆ ಗುದ್ದಿದ.

"ನಾ ಏಳ್ನಿಲ್ವಾ! ಮಂಡ್ಯದ ಮಿಸಿನ್ ಎಲ್ಲಿ, ನಿನ್ ಕಿವಿ ಎಲ್ಲಿ! ನಮ್ಮೂರಲ್ಲೆಲ್ಲ ಏಳ್ತೀನಿ ಕಣ್ಲಾ."

ಸುಮ್ಮನಿದ್ದರೆ ಮುಗಿದಿತ್ತು. ಶಮೀಮ್ ಬಾಗಿಲಲ್ಲಿ ನಿಂತಿದ್ದಳು, ಅವಳೂ ಬಾಯಿ ಬಿಡುತ್ತಿರಲಿಲ್ಲ.

"ಕೇಳಿದ್ದು ನಾನಲ್ಲ ಅಂಕಯ್ಯ. ಇವಳು," ಅಂದೆ. "ನನ್ ಕಿವಿ ಓಗ್ಬುಟ್ಟದೆ."

ಅಂಕಯ್ಯ ಗಾಡಿ ಹತ್ತಿದ. ಹಿಂದಕ್ಕೆ ತೆಗೆಯುತ್ತಾ ಕಿಟಕಿಯಿಂದ ಏನೋ ಅಂದ. ಎಂಜಿನ್ ಓಡುತ್ತಿತ್ತು. ತುಟಿ ಆಡಿದ್ದು ಕಂಡಿತು, ಮಾತು ಸಿಗಲಿಲ್ಲ. ನಕ್ಕನೋ ಇಲ್ಲವೋ, ಬಿಸಿಲಿಗೆ ಅದೂ ತಿಳಿಯಲಿಲ್ಲ. ಹೋದ.

"ಏನಂದ?" ಶಮೀಮ್‌ಳನ್ನು ಕೇಳಿದೆ.

ತಡೆದು ಹೇಳಿದಳು. "ಮುಂದಿನ ವಾರ ಅಳಿಯನ ಗಾಡೀನೂ ತರ್ತೀನಿ ಅಂದ್ರು."

ಅಷ್ಟು ಉದ್ದದ ಮಾತೇ ಅದು? ಅವನ ತುಟಿ ಆಡಿದ್ದು ಒಂದೇ ಸಲ. ಇನ್ನೊಮ್ಮೆ ಕೇಳೋಣ ಎಂದುಕೊಂಡೆ. ಅವಳು ಆಗಲೇ ಪೈಪ್ ಒರೆಸಿ ಮೊಳೆಗೆ ನೇತುಹಾಕುತ್ತಿದ್ದಳು. ಅವನು ನಿಜವಾಗಿ ಹಾಗೇ ಅಂದನೋ, ಇಲ್ಲಾ ನನ್ನ ಸಮಾಧಾನಕ್ಕೆ ಇವಳೇ —