ವಿಮಾನಕ್ಕೆ ವಿಭೂತಿ

ಅಪ್ಪಾಜಿ,

ಮೋಟರ್ ಒರೆಸಲು ಸ್ಪಿರಿಟ್ ತರಬೇಕು, ಗೋದೌಲಿಯಾ ಪೇಟೆಗೆ ಹೋಗುತ್ತಿದ್ದೇನೆ. ಯಾಕೆ ಅಂತ ನಿಮಗೇ ಗೊತ್ತು.

ಆಯುಧಪೂಜೆ ಮಾಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಮಠದ ಜೀಪಿಗೆ ಮಾಡಿದ ಹಾಗೆ ನನ್ನ ವಿಮಾನಕ್ಕೂ ಮಾಡಿಬಿಟ್ಟಿದ್ದೀರಿ! ವಿಭೂತಿಯ ಪುಡಿ ಮೋಟರ್ ಒಳಗೆ ಸೇರಿದೆ. ಎಂಟು ಅಡಿ ರೆಕ್ಕೆಗೆ ನಾನೇ ಹೊದಿಸಿದ ಬಿಳಿ ರೇಷ್ಮೆಗೆ ಅರಿಸಿನ ಹತ್ತಿದೆ. ಬಾಲಕ್ಕೆ ಅಷ್ಟು ದಪ್ಪ ಚೆಂಡುಹೂವಿನ ಹಾರ ಕಟ್ಟಿದರೆ ಅದು ಹಾರುವುದಿಲ್ಲ, ಮೂತಿ ಮೇಲೆತ್ತಿ ದಬಕ್ಕನೆ ಬೀಳುತ್ತದೆ. ನಾಳೆ ಬೆಳಿಗ್ಗೆ ಮೈದಾನದಲ್ಲಿ ರಿಮೋಟ್ ಹಿಡಿದು ಮೊದಲ ಸಲ ಹಾರಿಸಬೇಕಾದವಳು ನಾನು!

ಹಾರವನ್ನು ನೀವೇ ಬಿಚ್ಚಿ. ಎಳೆಯಬೇಡಿ, ಕತ್ತರಿಯಿಂದ ದಾರ ಕತ್ತರಿಸಿ. ಅರಿಸಿನವನ್ನು ಒದ್ದೆ ಬಟ್ಟೆಯಿಂದ ಉಜ್ಜಬೇಡಿ. ನೈವೇದ್ಯದ ಬಾಳೆಹಣ್ಣನ್ನು ಪೈಲಟ್ ಸೀಟಿನಿಂದ ತೆಗೆದು, ಮಹಡಿಯ ಬಾಗಿಲು ಹಾಕಿ. ಕೋತಿಗಳು ಬಂದರೆ ರೆಕ್ಕೆಯೂ ಉಳಿಯುವುದಿಲ್ಲ.

"ಈ ಆಟಿಗಿ ಸಾಮಾನ ಯಾವಾಗ ಹೊರಗ ಹಾಕ್ತೀಯವಾ?" ಅಂತ ಎರಡು ವರ್ಷದಿಂದ ಕೇಳುತ್ತಿದ್ದವರು ನೀವು. ಆಟಿಗಿ ಸಾಮಾನಿಗೆ ಯಾರಾದರೂ ಆಯುಧಪೂಜೆ ಮಾಡುತ್ತಾರೆಯೇ?

ಊಟ ಮುಚ್ಚಿಟ್ಟಿದ್ದೇನೆ. ಮೂತಿಯ ಮೇಲಿನ ವಿಭೂತಿಯನ್ನು ಮಾತ್ರ ಒರೆಸಬೇಡಿ. ನಾನೂ ಒರೆಸುವುದಿಲ್ಲ.

ವಚನಾ